ಹತ್ತು ನಿಮಿಷದ ಬೆಂಕಿ, ಒಂದು ವಾರದ ಕೆಲಸ: ಗಾಜಿನ ಕಲಾಫಲಕ ಮಾಡುವ ಬಗೆ

ಗಾಜಿನ ಕಲೆ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ಬೆಂಕಿ. ಕೆಂಡದಂಥ ಉಂಡೆ, ಉದ್ದನೆಯ ಕೊಳವೆ, ಬೆವರು ಸುರಿಸುತ್ತ ಊದುತ್ತಿರುವ ಮನುಷ್ಯ. ನಾನು ಮಾಡುವ ಕೆಲಸದಲ್ಲಿ ಇದ್ಯಾವುದೂ ಇಲ್ಲ. ಹಾಳೆ ಗಾಜನ್ನು ಕೊಯ್ದು, ಒಂದರ ಮೇಲೊಂದು ಜೋಡಿಸಿ, ವಿದ್ಯುತ್ ಕುಲುಮೆಯಲ್ಲಿಟ್ಟು ಬೆಸೆಯುತ್ತೇನೆ. ಇದಕ್ಕೆ ಫ್ಯೂಸಿಂಗ್ ಅಂತಾರೆ. ಒಂದು ಫಲಕಕ್ಕೆ ಸುಮಾರು ಒಂದು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಗಾಜು ತುತ್ತತುದಿಯ ಬಿಸಿಯಲ್ಲಿ ಇರುವುದು ಹತ್ತೇ ನಿಮಿಷ. ಮಿಕ್ಕ ಹೊತ್ತೆಲ್ಲ ಅಳೆಯುವುದು, ಕೊಯ್ಯುವುದು, ತೊಳೆಯುವುದು, ಕಾಯುವುದು, ಉಜ್ಜುವುದು.

ಆ ವಾರ ಎಲ್ಲೆಲ್ಲಿ ಹೋಗುತ್ತದೆ ಅನ್ನುವುದನ್ನು ಒಂದು ಫಲಕ ಇಟ್ಟುಕೊಂಡೇ ಹೇಳುತ್ತೇನೆ. ಅಳತೆ 30 ಸೆಂ.ಮೀ. ಚೌಕ, ದಪ್ಪ 6 ಮಿ.ಮೀ. ಕೆಳಗೆ ಬಣ್ಣವಿಲ್ಲದ ತಿಳಿ ಗಾಜಿನ ಒಂದು ಪೂರ್ತಿ ಹಾಳೆ. ಅದರ ಮೇಲೆ ನೀಲಿ, ಹಸಿರು ಪಟ್ಟಿಗಳು. ನಡುವೆ ಎಲ್ಲೋ ಒಂದು ಕಡೆ ಸಣ್ಣ ಹಳದಿ ಪಟ್ಟಿ. ನೀರಿನ ಮೇಲೆ ಸಂಜೆ ಬೆಳಕು ಬಿದ್ದ ಹಾಗೆ ಅಂದುಕೊಳ್ಳಿ. ನೋಡಲು ಬಲು ಸರಳ. ಮಾಡುವಾಗ ಗೊತ್ತಾಗುತ್ತದೆ.

ಮೊದಲು ಗಾಜಿನ ಜಾತಕ ಕೇಳಿ

ಗಾಜು ಅಂದರೆ ಮುಖ್ಯವಾಗಿ ಮರಳು, ಅಂದರೆ ಸಿಲಿಕಾ. ಅದೊಂದೇ ಕರಗಬೇಕಾದರೆ 1,700 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಿಸಿ ಬೇಕು. ಸೋಡಾ ಬೆರೆಸಿದರೆ ಕಡಿಮೆ ಬಿಸಿಗೇ ಕರಗುತ್ತದೆ. ಆದರೆ ಬರೀ ಸೋಡಾ ಬೆರೆಸಿದ ಗಾಜು ನೀರಿಗೆ ನಿಲ್ಲುವುದಿಲ್ಲ, ಅದಕ್ಕೇ ಸುಣ್ಣ ಸೇರಿಸುವುದು. ಬಣ್ಣ ಬರುವುದು ಲೋಹಗಳಿಂದ. ಕೋಬಾಲ್ಟ್ ಗಾಢ ನೀಲಿ ಕೊಡುತ್ತದೆ, ತಾಮ್ರ ತಿಳಿ ಹಸಿರುನೀಲಿ, ಮ್ಯಾಂಗನೀಸ್ ನೇರಳೆ. ಹಳದಿ, ಕಿತ್ತಳೆ, ಕೆಂಪಿನ ಹಲವು ಛಾಯೆಗಳ ಹಿಂದೆ ಕ್ಯಾಡ್ಮಿಯಂ, ಸೆಲೆನಿಯಂ, ಗಂಧಕ ಇರುತ್ತವೆ. ಗುಲಾಬಿ ಬಣ್ಣಕ್ಕೆ ಚಿನ್ನ. ಹೌದು, ನಿಜವಾದ ಚಿನ್ನ. ಅದಕ್ಕೇ ಗುಲಾಬಿ ಹಾಳೆಗೆ ಬೆಲೆ ಜಾಸ್ತಿ.

ಚಿನ್ನದ ಗಾಜಿನದು ಇನ್ನೊಂದು ತಮಾಷೆ ಇದೆ. ಕೊಂಡು ತಂದಾಗ ಅದರಲ್ಲಿ ಕೆಲವು ಹಾಳೆಗಳಲ್ಲಿ ಬಣ್ಣವೇ ಇಲ್ಲವೇನೋ ಅನ್ನಿಸುತ್ತದೆ, ತೀರಾ ಪೇಲವ. ಕುಲುಮೆಗೆ ಹೋಗಿ ಬಂದ ಮೇಲೆ ಬಣ್ಣ ಏಳುತ್ತದೆ. ಹೊಸಬರು ಪೇಲವ ಗಾಜನ್ನು ನೋಡಿ ಇನ್ನೊಂದು ಪದರ ಹಾಕಿಬಿಡುತ್ತಾರೆ. ಆಮೇಲೆ ತೆಗೆದು ನೋಡಿದರೆ ಕಣ್ಣು ಕುಕ್ಕುವ ಗುಲಾಬಿ.

ಈಗ ಮುಖ್ಯ ವಿಷಯ. ಗಾಜು ಬಿಸಿಗೆ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಎಲ್ಲ ಗಾಜೂ ಒಂದೇ ಸಮ ಕುಗ್ಗುವುದಿಲ್ಲ. ಇದನ್ನು ಅಳೆಯುವ ಸಂಖ್ಯೆಗೆ ಸಿಒಇ ಅಂತಾರೆ. ಫ್ಯೂಸಿಂಗ್‌ಗೆ ಸಿಗುವ ಗಾಜುಗಳಲ್ಲಿ ಸಾಮಾನ್ಯವಾಗಿ ಕಾಣುವವು 90 ಮತ್ತು 96. 90 ಅಂದರೆ ಒಂದು ಮೀಟರ್ ಉದ್ದದ ಗಾಜು ಒಂದು ಡಿಗ್ರಿ ಬಿಸಿಯಾದಾಗ 9 ಮೈಕ್ರಾನ್ ಹಿಗ್ಗುತ್ತದೆ. 96 ಆದರೆ 9.6 ಮೈಕ್ರಾನ್. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನಿಸುತ್ತೆ, ಅಲ್ವಾ? ನಮ್ಮ ಫಲಕದ ಲೆಕ್ಕವನ್ನೇ ಹಾಕಿ ನೋಡಿ. ಗಾಜು ಗಟ್ಟಿಯಾದ ಮೇಲೆ ಇನ್ನೂ ಸುಮಾರು 450 ಡಿಗ್ರಿ ಆರಬೇಕು. 30 ಸೆಂ.ಮೀ. ಉದ್ದಕ್ಕೆ ಈ ಎರಡು ಗಾಜುಗಳ ನಡುವೆ ಬರುವ ವ್ಯತ್ಯಾಸ 0.08 ಮಿ.ಮೀ. ಒಂದು ಕೂದಲೆಳೆಯಷ್ಟು. ಆದರೆ ಎರಡೂ ಆಗಲೇ ಬೆಸೆದುಕೊಂಡಿವೆ, ಒಂದು ಎಳೆದರೆ ಇನ್ನೊಂದು ಬಗ್ಗಲಾರದು. ಆ ಕೂದಲೆಳೆ ಸಾಕು ಫಲಕ ಸೀಳಲು. ಇವತ್ತಲ್ಲದಿದ್ದರೆ ಮುಂದಿನ ತಿಂಗಳು.

ಹಾಗಾಗಿ ಒಂದು ಫಲಕಕ್ಕೆ ಒಂದೇ ತಯಾರಕರ, ಬೆಸೆಯಲೆಂದೇ ಪರೀಕ್ಷೆ ಮಾಡಿದ ಗಾಜನ್ನು ತನ್ನಿ. ಸಂಖ್ಯೆ ಒಂದೇ ಇದೆ ಅಂತ ಬೇರೆ ಬೇರೆ ಕಡೆಯ ಗಾಜು ಬೆರೆಸಬೇಡಿ. ಬಿಸಿಯಲ್ಲಿ ಗಾಜು ಎಷ್ಟು ಗಟ್ಟಿ, ಎಷ್ಟು ತೆಳ್ಳಗೆ ಹರಿಯುತ್ತದೆ ಅನ್ನುವುದೂ ಹೊಂದಬೇಕು. ಆ ಸಂಖ್ಯೆ ಅದನ್ನು ಹೇಳುವುದಿಲ್ಲ. ಕಿಟಕಿ ಗಾಜಿನಲ್ಲೂ ಕಲಿಯಬಹುದು, ನಾನು ಕಲಿತಿದ್ದೇ ಹಾಗೆ. ಒಂದೇ ಹಾಳೆಯಿಂದ ಎರಡು ಪದರವನ್ನೂ ಕೊಯ್ದುಕೊಳ್ಳಿ, ಅಷ್ಟೆ. ಟಫನ್ಡ್ ಗಾಜನ್ನು, ಅಂದರೆ ಬಿಸಿ ಮಾಡಿ ಥಟ್ಟನೆ ಆರಿಸಿ ಗಟ್ಟಿ ಮಾಡಿದ ಗಾಜನ್ನು ಮಾತ್ರ ಮುಟ್ಟಲೇಬೇಡಿ. ಕಟರ್ ಇಟ್ಟರೆ ಇಡೀ ಹಾಳೆ ಪುಡಿಪುಡಿಯಾಗಿ ಉದುರುತ್ತದೆ.

ಅನುಮಾನವಿದ್ದರೆ ಪರೀಕ್ಷೆ ಮಾಡಿಕೊಳ್ಳಿ. ತಿಳಿ ಗಾಜಿನ ಒಂದು ಪಟ್ಟಿಯ ಮೇಲೆ ಬಣ್ಣದ ಸಣ್ಣ ಚೂರುಗಳನ್ನಿಟ್ಟು ಬೆಸೆಯಿರಿ, ನಿಧಾನಕ್ಕೆ ಆರಿಸಿ. ಆಮೇಲೆ ಎರಡು ಪೋಲರೈಸಿಂಗ್ ಫಿಲ್ಮ್, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ತೆಳು ಹಾಳೆ, ತೆಗೆದುಕೊಳ್ಳಿ. ಹಿಂದೆ ಒಂದು ದೀಪ ಇಟ್ಟು, ಬೆಳಕು ಪೂರ್ತಿ ಕಪ್ಪಾಗುವವರೆಗೆ ಒಂದು ಫಿಲ್ಮನ್ನು ತಿರುಗಿಸಿ. ಈಗ ನಡುವೆ ಗಾಜನ್ನು ಹಿಡಿಯಿರಿ. ಚೂರಿನ ಸುತ್ತ ಕಪ್ಪು ಕಪ್ಪಾಗಿಯೇ ಇದ್ದರೆ ಗಾಜು ನೆಮ್ಮದಿಯಾಗಿದೆ. ಚೂರಿನ ಅಂಚಿಗೆ ಬೆಳ್ಳಗೆ ಪ್ರಭೆ ಕಂಡರೆ ಅಲ್ಲಿ ಒತ್ತಡ ಇದೆ. ಅಂಥ ಜೋಡಿಯನ್ನು ಫಲಕಕ್ಕೆ ಹಾಕಬೇಡಿ.

ಸಾಮಾನು

ಎಣ್ಣೆ ತುಂಬುವ ಕಟರ್ ಒಂದು. ಗೀರನ್ನು ಓಡಿಸಿ ಮುರಿಯುವ ರನ್ನಿಂಗ್ ಪ್ಲೈಯರ್, ಅಂಚನ್ನು ಕಚ್ಚಿ ತೆಗೆಯುವ ಇನ್ನೊಂದು ಇಕ್ಕಳ. ಉಕ್ಕಿನ ಸ್ಕೇಲು, ಅದರ ಅಡಿಗೆ ಜಾರದ ಹಾಗೆ ಅಂಟಿಸಿದ ರಬ್ಬರ್. ಕನ್ನಡಕ. ಎನ್95 ಅಥವಾ ಅದಕ್ಕಿಂತ ಒಳ್ಳೆಯ ಮಾಸ್ಕ್. ಮುಚ್ಚಿದ ಶೂ, ಚಪ್ಪಲಿ ಬೇಡ. ಕುಲುಮೆ ನಿಮ್ಮದೇ ಇರಬೇಕೆಂದೇನಿಲ್ಲ, ಆದರೆ ತಾಸುತಾಸಿಗೆ ಎಷ್ಟು ಡಿಗ್ರಿ ಏರಬೇಕು, ಇಳಿಯಬೇಕು ಅಂತ ಹೇಳಿಕೊಡಲು ಅದಕ್ಕೆ ಡಿಜಿಟಲ್ ಕಂಟ್ರೋಲರ್ ಇರಲೇಬೇಕು. ಬರೀ ಆನ್, ಆಫ್ ಇರುವ ಕುಲುಮೆಯಲ್ಲಿ ಈ ಕೆಲಸ ಜೂಜು.

ಚಿತ್ರ ಬರೆಯುವ ಮುಂಚೆ ದಪ್ಪದ ಲೆಕ್ಕ

ಪೂರ್ತಿ ಕರಗಿದ ಗಾಜಿಗೆ ಒಂದು ಚಾಳಿ. ಅದು 6 ಮಿ.ಮೀ. ದಪ್ಪಕ್ಕೇ ಬಂದು ನಿಲ್ಲಲು ನೋಡುತ್ತದೆ. 3 ಮಿ.ಮೀ. ಒಂದೇ ಹಾಳೆ ಕರಗಿಸಿದರೆ ಅಂಚು ಒಳಕ್ಕೆ ಎಳೆದುಕೊಂಡು ಮೂಲೆ ಮೊನಚಾಗುತ್ತದೆ, ನಡುವೆ ತೂತು ಬಿದ್ದರೂ ಬಿತ್ತು. ಮೂರು ಹಾಳೆ ಇಟ್ಟರೆ ಹೊರಕ್ಕೆ ಹರಿಯುತ್ತದೆ. ಎರಡು ಹಾಳೆ ಸೇರಿ 6 ಮಿ.ಮೀ. ಆದರೆ ಇದ್ದ ಆಕಾರದಲ್ಲೇ ಇರುತ್ತದೆ. ಫ್ಯೂಸಿಂಗ್‌ನ ಮುಕ್ಕಾಲು ಫಲಕಗಳು ಎರಡು ಪದರ ಇರುವುದು ಈ ಕಾರಣಕ್ಕೇ.

ತೂಕವನ್ನೂ ಈಗಲೇ ಲೆಕ್ಕ ಹಾಕಿ. ಗಾಜಿನ ಸಾಂದ್ರತೆ ಸುಮಾರು 2.5. ಒಂದು ಚದರ ಮೀಟರ್, 6 ಮಿ.ಮೀ. ದಪ್ಪ ಅಂದರೆ 15 ಕಿಲೋ. ನಮ್ಮ ಫಲಕ 1.35 ಕಿಲೋ. ಗೋಡೆಗೆ ತೂಗುಹಾಕುವಾಗ ಈ ಅಂಕಿ ಬೇಕಾಗುತ್ತದೆ.

ಚಿತ್ರವನ್ನು ನಿಜ ಅಳತೆಯಲ್ಲೇ ಕಾಗದದ ಮೇಲೆ ಬರೆಯಿರಿ. ಪ್ರತಿ ಪಟ್ಟಿಗೂ ಸಂಖ್ಯೆ ಕೊಡಿ. ಯಾವ ಬಣ್ಣದ ಪಕ್ಕ ಯಾವುದು ಬರುತ್ತದೆ ಅನ್ನುವುದನ್ನು ಇಲ್ಲೇ ನೋಡಿಕೊಳ್ಳಬೇಕು. ತಾಮ್ರ ಇರುವ ಹಸಿರುನೀಲಿ ಗಾಜು, ಗಂಧಕ ಅಥವಾ ಸೆಲೆನಿಯಂ ಇರುವ ಹಳದಿ ಗಾಜಿಗೆ ತಾಗಿದರೆ ಕುಲುಮೆಯಲ್ಲಿ ಎರಡೂ ವರ್ತಿಸಿ, ಸೇರುವ ಕಡೆ ಕಂದುಗಪ್ಪು ಗೆರೆ ಮೂಡುತ್ತದೆ. ಗೊತ್ತಿಲ್ಲದೆ ಬಂದರೆ ಅದು ಕಲೆ. ಗೊತ್ತಿದ್ದು ತಂದುಕೊಂಡರೆ ಪೆನ್ಸಿಲ್ಲಿನಲ್ಲಿ ತೀಡಿದಂಥ ಗೆರೆ. ಈ ಫಲಕದಲ್ಲಿ ಹಳದಿ ಪಟ್ಟಿಯ ಕೆಳಬದಿಗೆ ತಾಮ್ರದ ಗಾಜು, ಮೇಲ್ಬದಿಗೆ ಕೋಬಾಲ್ಟ್ ಗಾಜು ಇಡುತ್ತೇನೆ. ಕೆಳಗೆ ಮಾತ್ರ ನೆರಳು ಬೀಳುತ್ತದೆ. ಎರಡು ಚೂರು ಇಟ್ಟು ಮೊದಲೇ ಬೆಸೆದು ನೋಡಿಕೊಳ್ಳಿ. ಈ ಪರೀಕ್ಷೆಗೇ ಒಂದು ದಿನ ಹೋಗುತ್ತದೆ, ಹೋಗಲಿ ಬಿಡಿ.

ಕೊಯ್ಯುವುದು: ಕಿವಿಯ ಕೆಲಸ

ಗಾಜನ್ನು ನಿಜವಾಗಿ ಯಾರೂ ಕೊಯ್ಯುವುದಿಲ್ಲ. ಮೇಲೆ ಒಂದು ಗೀರು ಹಾಕುತ್ತೇವೆ, ಗಾಜು ತಾನೇ ಆ ಗೀರಿನ ದಾರಿಯಲ್ಲಿ ಸೀಳುತ್ತದೆ. ಇಷ್ಟು ತಿಳಿದರೆ ಕೈಗೆ ಬಲ ಹಾಕುವುದು ತಾನಾಗಿ ನಿಲ್ಲುತ್ತದೆ.

ಗಾಜನ್ನು ಚಪ್ಪಟೆ ಮೇಜಿನ ಮೇಲೆ, ಹಳೆ ಪತ್ರಿಕೆ ಹಾಸಿ ಇಡಿ. ಒರೆಸಿ, ಒಂದು ಮರಳಿನ ಕಣ ಇದ್ದರೂ ಕಟರಿನ ಗಾಲಿ ಎಗರುತ್ತದೆ. ನಿಂತುಕೊಂಡು ಕೊಯ್ಯಿರಿ. ಭುಜದಿಂದ ತಳ್ಳಬೇಕು, ಮಣಿಕಟ್ಟಿನಿಂದಲ್ಲ. ಕಟರ್ ನೆಟ್ಟಗೆ ಇರಲಿ, ಎಡಕ್ಕೋ ಬಲಕ್ಕೋ ವಾಲಿದರೆ ಸೀಳು ಓರೆಯಾಗುತ್ತದೆ. ಒಂದು ಅಂಚಿನಿಂದ ಶುರು ಮಾಡಿ ಇನ್ನೊಂದು ಅಂಚಿನವರೆಗೆ ಒಂದೇ ಉಸಿರಿಗೆ ಹೋಗಿ. ನಡುವೆ ನಿಲ್ಲಬೇಡಿ.

ಈಗ ಕಿವಿಗೊಡಿ. ಸರಿಯಾದ ಗೀರಿಗೆ ಸಣ್ಣ ‘ಸ್ಸ್‌ಸ್’ ಸದ್ದು ಇರುತ್ತದೆ, ರೇಷ್ಮೆ ಬಟ್ಟೆ ಹರಿದ ಹಾಗೆ, ಒಂದೇ ಸಮ. ಕರಕರ ಅಂದರೆ ಬಲ ಜಾಸ್ತಿ ಆಯಿತು. ಗೀರಿನ ಪಕ್ಕದಲ್ಲಿ ಬೆಳ್ಳಗೆ ಪುಡಿ, ಸಣ್ಣ ಚಕ್ಕೆ ಏಳುತ್ತಿದ್ದರೆ ಅದೇ ಮಾತು. ಸದ್ದೇ ಇಲ್ಲವೆಂದರೆ ಗಾಲಿ ಕಚ್ಚಿಲ್ಲ. ಬಣ್ಣ ಬಣ್ಣಕ್ಕೂ ಸದ್ದು ಬೇರೆ. ಪಾರದರ್ಶಕ ಗಾಜು ಚೆನ್ನಾಗಿ ಹಾಡುತ್ತದೆ. ಬಿಳಿ ಅಪಾರದರ್ಶಕ ಗಾಜು ಅಷ್ಟಾಗಿ ಮಾತಾಡುವುದಿಲ್ಲ, ಸದ್ದು ಕೇಳಲಿಲ್ಲ ಅಂತ ಒತ್ತಲು ಹೋಗಿ ನಾನು ಹಾಳು ಮಾಡಿದ ಹಾಳೆಗಳಿಗೆ ಲೆಕ್ಕವಿಲ್ಲ.

ಗೀರಿನ ಮೇಲೆ ಎರಡನೇ ಸಲ ಗೀರಬೇಡಿ. ಮೊದಲನೆಯದು ಸರಿಯಿಲ್ಲ ಅನ್ನಿಸಿದರೂ ಅಷ್ಟೇ. ಗಾಲಿ ಹಾಳಾಗುತ್ತದೆ, ಸೀಳು ದಾರಿ ತಪ್ಪುತ್ತದೆ. ಗೀರಿದ ತಕ್ಷಣ ಮುರಿಯಿರಿ. ಪ್ಲೈಯರಿನ ಮೇಲಿರುವ ಗುರುತನ್ನು ಗೀರಿನ ತುದಿಗೆ ಹೊಂದಿಸಿ ಮೆಲ್ಲಗೆ ಒತ್ತಿ. ಗಾಜಿನೊಳಗೆ ಬೆಳ್ಳಿಯ ಎಳೆಯೊಂದು ಸರಿದು ಹೋಗುವುದು ಕಾಣುತ್ತದೆ. ಅದೇ ಸೀಳು. ಅರ್ಧಕ್ಕೆ ನಿಂತರೆ ಇನ್ನೊಂದು ತುದಿಯಿಂದ ಒತ್ತಿ ಎರಡನ್ನೂ ಕೂಡಿಸಿ.

ಪಟ್ಟಿ ಕೊಯ್ಯುವಾಗ ಒಂದು ಉಪಾಯ. ಹಾಳೆಯ ಅಂಚಿನಿಂದ ಕಿರಿದಾದ ಪಟ್ಟಿಗಳನ್ನೇ ತೆಗೆಯುತ್ತ ಹೋದರೆ ಸೀಳು ಕಿರಿದಾದ ಕಡೆಗೆ ಬಾಗುತ್ತದೆ. ಗೀರಿನ ಎರಡೂ ಕಡೆ ಸಮ ಗಾಜು ಇದ್ದರೆ ನೆಟ್ಟಗೆ ಸೀಳುತ್ತದೆ. ಹಾಗಾಗಿ ಸಾಧ್ಯವಾದ ಕಡೆ ಹಾಳೆಯನ್ನು ಮೊದಲು ಅರ್ಧ ಮಾಡಿ, ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. ಪಟ್ಟಿಗಳನ್ನು ಚಿತ್ರದ ಮೇಲೆ ಜೋಡಿಸುತ್ತ ಬನ್ನಿ. ಎರಡು ಪಟ್ಟಿಯ ನಡುವೆ ಅರ್ಧ ಮಿಲಿಮೀಟರ್ ಸಂದು ಇದ್ದರೆ ಚಿಂತೆ ಇಲ್ಲ, ಗಾಜು ಹರಿದು ಮುಚ್ಚಿಕೊಳ್ಳುತ್ತದೆ. ಎರಡು ಮಿಲಿಮೀಟರ್ ಇದ್ದರೆ ತಿಳಿ ಗಾಜಿನ ಗೆರೆ ಕಾಣುತ್ತದೆ. ಈ ಫಲಕಕ್ಕೆ ಇಪ್ಪತ್ತು ಇಪ್ಪತ್ತೈದು ಪಟ್ಟಿ ಬೇಕು. ಕೈ ಪಳಗಿದವರಿಗೆ ಅರ್ಧ ದಿನ. ಮೊದಲ ಸಲ ಮಾಡುವವರು ಎರಡು ದಿನ ಇಟ್ಟುಕೊಳ್ಳಿ, ಗಾಜನ್ನೂ ಸ್ವಲ್ಪ ಹೆಚ್ಚಿಗೆ ಇಟ್ಟುಕೊಳ್ಳಿ.

ಚೂರುಗಳನ್ನು ಬಿಸಾಡಬೇಡಿ. ಬಣ್ಣವಾರು ಡಬ್ಬಿಯಲ್ಲಿ ಹಾಕಿ, ಡಬ್ಬಿಯ ಮೇಲೆ ಸಿಒಇ ಬರೆಯಿರಿ. ಬರೆಯದ ಡಬ್ಬಿ ಅಂದರೆ ಕಸ.

ತೊಳೆಯುವುದು

ಎಲ್ಲರೂ ಬೇಗ ಮುಗಿಸಲು ನೋಡುವ ಹಂತ ಇದು. ಕಟರಿನ ಎಣ್ಣೆ, ಬೆರಳಿನ ಜಿಡ್ಡು, ಮಾರ್ಕರ್ ಗುರುತು, ಧೂಳು, ಇವು ಗಾಜಿನ ಮೇಲೆ ಉಳಿದರೆ ಬಿಸಿಯಲ್ಲಿ ಅಲ್ಲಿಂದಲೇ ಹರಳು ಕಟ್ಟಲು ಶುರುವಾಗುತ್ತದೆ. ಹೊಳೆಯಬೇಕಾದ ಮೈ ಮಬ್ಬಾಗಿ, ಬೂದಿ ಮೆತ್ತಿದ ಹಾಗೆ ಕಾಣುತ್ತದೆ. ಇದಕ್ಕೆ ಡಿವಿಟ್ರಿಫಿಕೇಶನ್ ಅಂತ ದೊಡ್ಡ ಹೆಸರು. ಕೆಲಸದವರು ‘ಡಿವಿಟ್’ ಅಂದು ಬಿಡುತ್ತಾರೆ. ಒಂದು ಹನಿ ಪಾತ್ರೆ ತೊಳೆಯುವ ದ್ರವ, ಬೇಕಾದಷ್ಟು ನೀರು, ನೂಲು ಬಿಡದ ಬಟ್ಟೆ. ನೀರು ತಾನಾಗಿ ಒಣಗಲು ಬಿಡಬೇಡಿ, ಹನಿಯ ಗುರುತು ಉಳಿಯುತ್ತದೆ. ಒರೆಸಿದ ಮೇಲೆ ಅಂಚು ಹಿಡಿದೇ ಎತ್ತಿ.

ಕುಲುಮೆಯ ಹಲಗೆ

ಬಿಸಿ ಗಾಜು ಕುಲುಮೆಯೊಳಗಿನ ಹಲಗೆಗೆ ಅಂಟಿದರೆ ಎರಡೂ ಹೋದವು. ಅದಕ್ಕೆ ಹಲಗೆಗೆ ಕಿಲ್ನ್ ವಾಶ್ ಬಳಿಯಬೇಕು. ಅದು ಅಲ್ಯುಮಿನಾ ಮತ್ತು ಬಿಳಿ ಜೇಡಿ ಕಲಸಿದ ನೀರು, ಹಾಲಿನಷ್ಟು ತೆಳುವಾಗಿರುತ್ತದೆ. ಮೆತ್ತನೆ ಕುಂಚದಲ್ಲಿ ನಾಲ್ಕೈದು ಸಲ, ಪ್ರತಿ ಸಲವೂ ದಿಕ್ಕು ಬದಲಿಸಿ ಬಳಿಯಿರಿ. ಕುಂಚದ ಗೆರೆ ಉಳಿದರೆ ಅದು ಗಾಜಿನ ಬೆನ್ನಿಗೆ ಹಾಗೇ ಅಚ್ಚಾಗುತ್ತದೆ. ಪೂರ್ತಿ ಒಣಗಿಸಿ. ಹಳೆಯ ಪದರವನ್ನು ಕೆರೆದು ತೆಗೆಯುವಾಗ ಮಾಸ್ಕ್ ಬೇಕೇ ಬೇಕು. ಹಲಗೆ ಸಮಮಟ್ಟದಲ್ಲಿ ಇದೆಯಾ ಅಂತ ರಸಮಟ್ಟ ಇಟ್ಟು ನೋಡಿ. ವಾಲಿದ್ದರೆ ಗಾಜು ಒಂದು ಕಡೆಗೆ ಜರುಗುತ್ತದೆ.

ಮೊದಲು ತಿಳಿ ಹಾಳೆ, ಅದರ ಮೇಲೆ ಪಟ್ಟಿಗಳು, ಸಂಖ್ಯೆಯ ಪ್ರಕಾರ. ಕುಲುಮೆಯ ಗೋಡೆಯಿಂದ ಎಲ್ಲ ಕಡೆಯೂ ಕೆಲವು ಸೆಂಟಿಮೀಟರ್ ದೂರ ಇರಲಿ.

ಬೆಂಕಿ

ನಾನು ಸಿಒಇ 90 ಗಾಜಿಗೆ ಕಂಟ್ರೋಲರಿನಲ್ಲಿ ಹಾಕುವ ಲೆಕ್ಕ ಇದು. ಬೇರೆ ಗಾಜಾದರೆ ತಯಾರಕರ ಪಟ್ಟಿ ನೋಡಿಕೊಳ್ಳಿ.

1. ಗಂಟೆಗೆ 200 ಡಿಗ್ರಿಯಂತೆ 670ರವರೆಗೆ ಏರಿಸಿ. ಅಲ್ಲಿ 30 ನಿಮಿಷ ನಿಲ್ಲಿಸಿ.
2. ಗಂಟೆಗೆ 330 ಡಿಗ್ರಿಯಂತೆ 804ರವರೆಗೆ. ಅಲ್ಲಿ 10 ನಿಮಿಷ.
3. ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ 482ಕ್ಕೆ ಇಳಿಯಲಿ. ಅಲ್ಲಿ 1 ಗಂಟೆ.
4. ಗಂಟೆಗೆ 55 ಡಿಗ್ರಿಯಂತೆ 370ರವರೆಗೆ ಇಳಿಸಿ.
5. ಆಮೇಲೆ ಕುಲುಮೆ ಆಫ್. ಬಾಗಿಲು ಮುಚ್ಚಿಯೇ ಇರಲಿ.

ಶುರುವಿನಲ್ಲಿ ನಿಧಾನಕ್ಕೆ ಏರಿಸುವುದು ಗಾಜು ಬಿರಿಯದಿರಲಿ ಅಂತ. ಅಂಚು ಬಿಸಿ, ನಡು ತಣ್ಣಗೆ ಆದರೆ ಸೀಳುತ್ತದೆ. 670ರಲ್ಲಿ ನಿಲ್ಲಿಸುವುದು ಗಾಳಿಗಾಗಿ. ಆ ಬಿಸಿಗೆ ಮೇಲಿನ ಗಾಜು ಮೆತ್ತಗಾಗಿ ಮೆಲ್ಲಗೆ ಕೂರುತ್ತದೆ, ಎರಡು ಪದರದ ನಡುವಿನ ಗಾಳಿ ಅಂಚಿನಿಂದ, ಸಂದಿಯಿಂದ ಹೊರಗೆ ಹೋಗುತ್ತದೆ. ಇಲ್ಲಿ ಅವಸರ ಮಾಡಿದರೆ ಗಾಳಿ ಒಳಗೇ ಸಿಕ್ಕಿ ಗುಳ್ಳೆಯಾಗಿ ಉಬ್ಬುತ್ತದೆ.

804ರಲ್ಲಿ ಹತ್ತು ನಿಮಿಷ. ನಾನು ಆಗಾಗ ಹೇಳುವ ಹತ್ತು ನಿಮಿಷ ಇದೇ. ಇಷ್ಟರಲ್ಲಿ ಪಟ್ಟಿಗಳ ಅಂಚು ಕರಗಿ ಮೇಲ್ಮೈ ಒಂದೇ ಸಮ ಆಗುತ್ತದೆ. ಪಟ್ಟಿಗಳ ಉಬ್ಬು ಕೈಗೆ ತಾಗಬೇಕು ಅನ್ನುವವರು 740ರ ಆಸುಪಾಸಿನಲ್ಲಿ ನಿಲ್ಲಿಸಬಹುದು. ಆಗ ಗಾಜು ಅಂಟಿಕೊಳ್ಳುತ್ತದೆ, ಆದರೆ ಆಕಾರ ಬಿಡುವುದಿಲ್ಲ. ಇಣುಕುವ ಕಿಂಡಿಯಿಂದ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ನೋಡಿ, ಆದರೆ ಶಾಖದ ಕಿರಣ ತಡೆಯುವ ಕನ್ನಡಕ ಹಾಕಿಕೊಂಡು. ಆ ಬಿಸಿಯಲ್ಲಿ ಎಲ್ಲ ಗಾಜೂ ಕಿತ್ತಳೆ ಬಣ್ಣವೇ. ನೀಲಿ ಯಾವುದು, ಹಳದಿ ಯಾವುದು ಅಂತ ಗೊತ್ತಾಗುವುದಿಲ್ಲ.

ಆರಿಸುವುದು

ಫಲಕ ಉಳಿಯುತ್ತದೋ ಇಲ್ಲವೋ ಅನ್ನುವುದು ಇಲ್ಲಿ ನಿರ್ಧಾರವಾಗುತ್ತದೆ.

ಗಾಜು ಆರುವಾಗ ಹೊರಮೈ ಮೊದಲು ಆರುತ್ತದೆ, ಒಳಗಿನದು ಆಮೇಲೆ. ಹೊರಗಿನದು ಗಟ್ಟಿಯಾದ ಮೇಲೆ ಒಳಗಿನದು ಕುಗ್ಗಲು ಹೋದರೆ ಎಳೆದಾಟ. ಆ ಎಳೆದಾಟ ಗಾಜಿನೊಳಗೆ ಶಾಶ್ವತವಾಗಿ ಉಳಿಯುತ್ತದೆ. 482ರಲ್ಲಿ ಒಂದು ಗಂಟೆ ನಿಲ್ಲಿಸಿದಾಗ ಒಳಗೂ ಹೊರಗೂ ಒಂದೇ ಬಿಸಿ ಬರುತ್ತದೆ, ಎಳೆತ ಸಡಿಲವಾಗುತ್ತದೆ. ಇದೇ ಅನೀಲಿಂಗ್. ಆಮೇಲೆ ಒಳಗೂ ಹೊರಗೂ ಜೊತೆಜೊತೆಯಾಗಿ ಇಳಿಯುವಷ್ಟು ನಿಧಾನಕ್ಕೆ ಇಳಿಸಬೇಕು.

ದಪ್ಪ ಜಾಸ್ತಿಯಾದ ಹಾಗೆ ಈ ಹೊತ್ತು ಎಷ್ಟು ಬೆಳೆಯುತ್ತದೆ ನೋಡಿ. ಗಾಜಿನ ತಯಾರಕರ ಪಟ್ಟಿಯ ಪ್ರಕಾರ 25 ಮಿ.ಮೀ. ದಪ್ಪದ ಚಪ್ಪಡಿಗೆ 482ರಲ್ಲಿ 4 ಗಂಟೆ ನಿಲ್ಲಿಸಬೇಕು. ಆಮೇಲೆ ಗಂಟೆಗೆ 15 ಡಿಗ್ರಿ ಮಾತ್ರ ಇಳಿಸಬೇಕು. ಅದು 50 ಮಿ.ಮೀ. ಆದರೆ ನಿಲ್ಲಿಸುವುದು 8 ಗಂಟೆ, ಇಳಿಸುವುದು ಗಂಟೆಗೆ 3.8 ಡಿಗ್ರಿ. ದಪ್ಪ ಎರಡು ಪಟ್ಟಾದರೆ ಇಳಿಯುವ ಹೊತ್ತು ನಾಲ್ಕು ಪಟ್ಟು. ಅಮೆರಿಕದ ಪಾಲೊಮಾರ್ ವೀಕ್ಷಣಾಲಯದ 200 ಇಂಚಿನ ದೂರದರ್ಶಕದ ಕನ್ನಡಿಗೆಂದು 1934ರ ಡಿಸೆಂಬರಿನಲ್ಲಿ ಕಾರ್ನಿಂಗ್ ಕಂಪನಿಯಲ್ಲಿ ಎರಕ ಹೊಯ್ದ ಗಾಜಿನ ತಟ್ಟೆ ಆರಲು ಸುಮಾರು ಹತ್ತು ತಿಂಗಳು ಬೇಕಾಯಿತು. ಗ್ಯಾಲರಿಯಲ್ಲಿ ಮೊಣಕೈ ದಪ್ಪದ ಎರಕದ ಗಾಜಿನ ಕೃತಿ ಕಂಡರೆ, ಅದರ ಹಿಂದೆ ವಾರಗಟ್ಟಲೆ ಮುಚ್ಚಿದ್ದ ಒಂದು ಕುಲುಮೆ ಇದೆ ಅಂತ ತಿಳಿಯಿರಿ. ಅಷ್ಟು ದಿನ ಅದರಲ್ಲಿ ಬೇರೆ ಕೆಲಸ ನಡೆಯುವುದಿಲ್ಲ.

ನನ್ನ ಎರಡನೇ ಫಲಕ ನೆನಪಾಗುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಕಂಟ್ರೋಲರ್ 140 ತೋರಿಸುತ್ತಿತ್ತು. 804ಕ್ಕೆ ಹೋಲಿಸಿದರೆ 140 ಯಾವ ಲೆಕ್ಕ ಅಂತ ಬಾಗಿಲು ತೆಗೆದೆ. ಚೆಂದ ಬಂದಿತ್ತು. ಒಂದು ಮೆಟ್ಟು ಹಿಂದೆ ಸರಿದು ನೋಡುತ್ತಿದ್ದ ಹಾಗೇ ‘ಟಿಣ್’ ಅಂತ ಒಂದು ಸದ್ದು. ಅಷ್ಟು ಸಣ್ಣ ಸದ್ದು. ಒಂದು ಮೂಲೆಯಿಂದ ಎದುರಿನ ಅಂಚಿನವರೆಗೆ, ಎಲ್ಲ ಪಟ್ಟಿಗಳನ್ನೂ ದಾಟಿ, ನದಿಯ ಹಾಗೆ ಬಾಗಿದ ಒಂದು ಬಿರುಕು. ಆ ಫಲಕವನ್ನು ಈಗಲೂ ಕುಲುಮೆಯ ಪಕ್ಕ ಇಟ್ಟುಕೊಂಡಿದ್ದೇನೆ. 50 ಡಿಗ್ರಿಗಿಂತ ಕೆಳಗೆ ಬರುವವರೆಗೆ ಬಾಗಿಲು ಮುಟ್ಟಬೇಡಿ. ಕುಲುಮೆಯನ್ನು ಸಂಜೆ ಹಚ್ಚಿದರೆ ಮರುದಿನ ಸಂಜೆ ತೆಗೆಯುತ್ತೇನೆ ಅಂತ ಅಂದುಕೊಳ್ಳಿ, ಮನಸ್ಸು ತಡೆಯುತ್ತದೆ.

ಬಿರುಕು ಬಂದರೆ ಅದರ ಅಂಚನ್ನು ನೋಡಿ. ಅಂಚು ಚೂಪಾಗಿದ್ದರೆ ಆರುವಾಗ ಸೀಳಿದ್ದು. ಕರಗಿ ಗುಂಡಗಾಗಿದ್ದರೆ ಏರುವಾಗಲೇ ಸೀಳಿತ್ತು, ಆಮೇಲೆ ಬಿಸಿಗೆ ಅಂಚು ಕರಗಿತು. ಬಣ್ಣದ ಗಡಿಯನ್ನೇ ಹಿಡಿದು ಸೀಳಿದ್ದರೆ ಎರಡು ಗಾಜು ಹೊಂದಿಲ್ಲ. ಯಾವ ಹಂತವನ್ನು ಸರಿಮಾಡಬೇಕು ಅಂತ ಇದರಿಂದ ಗೊತ್ತಾಗುತ್ತದೆ.

ಉಜ್ಜುವುದು

ಹೊರಬಂದ ಫಲಕದ ಮೇಲ್ಮೈ ಹೊಳೆಯುತ್ತದೆ. ಅಂಚು ಮಾತ್ರ ಅಂಕುಡೊಂಕು. ಅಲ್ಲಲ್ಲಿ ಸೂಜಿಯಂಥ ಮುಳ್ಳು ಇರುತ್ತದೆ, ಬೆರಳು ಸವರಬೇಡಿ. ಇದನ್ನು ಸರಿಮಾಡುವ ಕೆಲಸಕ್ಕೆ ಕೋಲ್ಡ್ ವರ್ಕಿಂಗ್ ಅಂತಾರೆ. ಯಾರೂ ಫೋಟೋ ತೆಗೆಯದ ಕೆಲಸ.

ವಜ್ರದ ಪುಡಿ ಅಂಟಿಸಿದ ಪ್ಯಾಡ್‌ಗಳು ಬೇಕು. 120, 200, 400, 800, ಈ ಕ್ರಮದಲ್ಲಿ ಒರಟಿನಿಂದ ನುಣುಪಿಗೆ. ಒಂದು ಟ್ರೇಯಲ್ಲಿ ನೀರು ಹಾಕಿ, ಪ್ಯಾಡನ್ನೂ ಗಾಜನ್ನೂ ಒದ್ದೆ ಮಾಡುತ್ತಲೇ ಉಜ್ಜಿ. ಒಣಗಿದ್ದನ್ನು ಉಜ್ಜಲೇಬಾರದು. ಗಾಜಿನ ನುಣ್ಣನೆ ಧೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ನೀರೇ ಇಲ್ಲಿ ಮೊದಲ ಮಾಸ್ಕ್. ಉಜ್ಜಿದ ಕೆಸರುನೀರನ್ನು ಸಿಂಕಿಗೆ ಸುರಿಯಬೇಡಿ, ಕೊಳವೆಯಲ್ಲಿ ಕಲ್ಲಿನ ಹಾಗೆ ಕಟ್ಟುತ್ತದೆ. ಬಕೆಟ್ಟಿನಲ್ಲಿ ರಾತ್ರಿ ಬಿಟ್ಟು, ಮೇಲಿನ ತಿಳಿ ನೀರು ಬಸಿದು, ಕೆಳಗಿನ ಕೆಸರನ್ನು ಕಟ್ಟಿ ಕಸಕ್ಕೆ ಹಾಕಿ.

ಒಂದು ಪ್ಯಾಡ್ ಯಾವಾಗ ಮುಗಿಯಿತು ಅಂತ ತಿಳಿಯುವುದು ಹೇಗೆ? ಅಂಚನ್ನು ಒಣಗಿಸಿ, ಪರ್ಮನೆಂಟ್ ಮಾರ್ಕರಿನಲ್ಲಿ ಹಾವಿನ ನಡೆಯ ಹಾಗೆ ಅಡ್ಡಡ್ಡ ಗೆರೆ ಎಳೆಯಿರಿ. ಉಜ್ಜಿ. ಎತ್ತರದ ಕಡೆ ಗೆರೆ ಬೇಗ ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಎಲ್ಲ ಕಡೆ ಹೋದ ಮೇಲೆ ಮುಂದಿನ ಪ್ಯಾಡ್, ಮತ್ತೆ ಹೊಸ ಗೆರೆ. ನಡುವೆ ಗಾಜನ್ನೂ ಟ್ರೇಯನ್ನೂ ಕೈಯನ್ನೂ ಚೆನ್ನಾಗಿ ತೊಳೆಯಿರಿ. 120ರ ಒಂದು ಕಣ 800ರ ಪ್ಯಾಡಿಗೆ ಅಂಟಿದರೆ ಒಂದೇ ಎಳೆತಕ್ಕೆ ಉದ್ದ ಗೀರು, ಮತ್ತೆ ಮೊದಲಿನಿಂದ. ಕೊನೆಗೆ ಸೀರಿಯಂ ಆಕ್ಸೈಡ್ ಪುಡಿಯನ್ನು ನೀರಿನಲ್ಲಿ ಕಲಸಿ, ಉಣ್ಣೆಯ ಫೆಲ್ಟಿನಲ್ಲಿ ಉಜ್ಜಿದರೆ ಅಂಚು ಮೇಲ್ಮೈಯಷ್ಟೇ ಹೊಳೆಯುತ್ತದೆ. ಕೈಯಲ್ಲೇ ಮಾಡಿದರೆ ನಾಲ್ಕು ಅಂಚಿಗೆ ಎರಡು ದಿನ. ಯಂತ್ರ ಇದ್ದರೆ ಒಂದು ಬೆಳಿಗ್ಗೆ. ನನಗೆ 400ರ ಮಬ್ಬು ಅಂಚೇ ಇಷ್ಟ, ಅಲ್ಲಿಗೇ ನಿಲ್ಲಿಸುತ್ತೇನೆ. ಸೋಮಾರಿತನವೂ ಇದೆ ಅನ್ನಿ.

ಆಮ್ಲ ಹಾಕಿ ಗಾಜನ್ನು ಮಬ್ಬು ಮಾಡುವ ದಾರಿಯೂ ಉಂಟು. ಹೈಡ್ರೋಫ್ಲೋರಿಕ್ ಆಮ್ಲ ಚರ್ಮದ ಮೂಲಕ ಒಳಗೆ ಇಳಿದು ಜೀವಕ್ಕೇ ಅಪಾಯ ತರುತ್ತದೆ. ಮನೆಯಲ್ಲಿ ಅದರ ಸುದ್ದಿಗೇ ಹೋಗಬೇಡಿ.

ಉಜ್ಜುತ್ತ ಕೂತಾಗ ಯಾರ ಕೈ, ಯಾರ ಹೆಸರು ಅನ್ನುವ ಯೋಚನೆ ಬರುತ್ತದೆ. 1962ರಲ್ಲಿ ಕಲಾವಿದ ಹಾರ್ವೆ ಲಿಟಲ್‌ಟನ್ ಅಮೆರಿಕದ ಟೊಲೆಡೊ ವಸ್ತುಸಂಗ್ರಹಾಲಯದಲ್ಲಿ ಕಾರ್ಯಾಗಾರ ನಡೆಸಿದಾಗ ಇದ್ದ ಹಂಬಲ, ಕಾರ್ಖಾನೆ ಇಲ್ಲದೆ ಕಲಾವಿದ ಒಬ್ಬನೇ ತನ್ನ ಸ್ಟುಡಿಯೋದಲ್ಲಿ ಗಾಜು ಕರಗಿಸಿ ಕೆಲಸ ಮಾಡಬೇಕು ಅನ್ನುವುದು. ಅಲ್ಲಿಂದ ಶುರುವಾದ ಸ್ಟುಡಿಯೋ ಗಾಜಿನ ಚಳವಳಿಯಿಂದ ಬಂದ ಗಾಜಿನ ಕಲಾವಿದ ಡೇಲ್ ಚಿಹುಲಿ 1976ರ ಅಪಘಾತದಲ್ಲಿ ಎಡಗಣ್ಣಿನ ದೃಷ್ಟಿ ಕಳೆದುಕೊಂಡರು. ಮೂರು ವರ್ಷದ ಮೇಲೆ ಭುಜಕ್ಕೆ ಪೆಟ್ಟಾಗಿ ಊದುವುದನ್ನೇ ಬಿಟ್ಟರು. ಆಮೇಲಿನ ಅವರ ಕೃತಿಗಳು ತಂಡದ ಕೈಯಿಂದ ಬಂದವು. ಜರ್ಮನಿಯ ಕಲೋನ್ ಕೆಥೆಡ್ರಲ್‌ನಲ್ಲಿ 2007ರಿಂದ ಇರುವ ಚಿತ್ರಕಲಾವಿದ ಗೆರ್ಹಾರ್ಡ್ ರಿಕ್ಟರ್ ರೂಪಿಸಿದ ಕಿಟಕಿಯಲ್ಲಿ 72 ಬಣ್ಣದ 11,263 ಚೌಕಗಳಿವೆ. ಅಷ್ಟೂ ಚೌಕಗಳನ್ನು ಯಾರೋ ಅಳೆದಿದ್ದಾರೆ, ಕೊಯ್ದಿದ್ದಾರೆ, ಜೋಡಿಸಿದ್ದಾರೆ. ಇಪ್ಪತ್ತೈದು ಪಟ್ಟಿ ಕೊಯ್ದು ಬೆನ್ನು ಹಿಡಿದುಕೊಂಡ ದಿನ ಆ ಅಂಕಿಯನ್ನು ನೆನೆಸಿಕೊಳ್ಳಿ.

ತೂಗುಹಾಕುವುದು

ಪಾರದರ್ಶಕ ಗಾಜನ್ನು ಗೋಡೆಗೆ ಒತ್ತಿ ಹಾಕಿದರೆ ಬಣ್ಣ ಸತ್ತು ಹೋಗುತ್ತದೆ. ಬಿಳಿ ಗೋಡೆಯಿಂದ ಎರಡು ಮೂರು ಸೆಂಟಿಮೀಟರ್ ಮುಂದೆ ಇರಲಿ. ಬೆಳಕು ಗಾಜಿನ ಮೂಲಕ ಗೋಡೆಗೆ ಬಿದ್ದು ವಾಪಸ್ ಬರುತ್ತದೆ. ಮರದ ಪಟ್ಟಿಯಲ್ಲಿ ಉದ್ದನೆಯ ತೋಡು ಮಾಡಿ ಅದರಲ್ಲಿ ನಿಲ್ಲಿಸುವುದು ಎಲ್ಲಕ್ಕಿಂತ ಸುಲಭ. ತೋಡಿಗೂ ಗಾಜಿಗೂ ನಡುವೆ ಒಂದು ಮಿಲಿಮೀಟರ್ ಸಡಿಲ ಬಿಡಿ, ಮರ ಮಳೆಗಾಲಕ್ಕೆ ಉಬ್ಬುತ್ತದೆ. ಬೆನ್ನಿಗೆ ಲೋಹದ ಕೊಕ್ಕೆ ಅಂಟಿಸುವುದಾದರೆ ನ್ಯೂಟ್ರಲ್ ಸಿಲಿಕೋನ್ ಬಳಸಿ, ಒಂದು ಪೂರ್ತಿ ದಿನ ಮಲಗಿಸಿ ಇಡಿ. ತೂತು ಕೊರೆಯಬೇಕೆಂದರೆ ವಜ್ರದ ಬಿಟ್, ನೀರಿನೊಳಗೆ, ಅಂಚಿನಿಂದ ಸಾಕಷ್ಟು ಒಳಗೆ. ಲೋಹದ ಸ್ಕ್ರೂ ನೇರ ಗಾಜಿಗೆ ತಾಗದ ಹಾಗೆ ನಡುವೆ ರಬ್ಬರ್ ವಾಶರ್ ಹಾಕಿ.

ಗೋಡೆಗೆ ಹೋಗುವ ಮುಂಚೆ ಫಲಕವನ್ನು ತಿರುಗಿಸಿ, ವಜ್ರದ ಮೊನೆಯಲ್ಲಿ ಬೆನ್ನಿನ ಕೆಳಮೂಲೆಯಲ್ಲಿ ಬರೆಯಿರಿ: ಹೆಸರು, ಇಸವಿ, ಗಾಜಿನ ತಯಾರಕರು, ಸಿಒಇ. ಪಟ್ಟಿ ಕೊಯ್ದವರು ಬೇರೆ, ಅಂಚು ಉಜ್ಜಿದವರು ಬೇರೆ ಆಗಿದ್ದರೆ ಅವರ ಹೆಸರನ್ನೂ ಬರೆಯಿರಿ, ಅಲ್ಲಿ ಜಾಗ ಇದೆ. ಬರೆದ ಮೇಲೆ ಒದ್ದೆ ಬಟ್ಟೆಯಲ್ಲಿ ಆ ಮೂಲೆಯನ್ನು ಒರೆಸಿ. ಗೀರಿದಾಗ ಎದ್ದ ಪುಡಿಯೂ ಗಾಜಿನ ಪುಡಿಯೇ.